ಸತ್ತವರಿಗೆ ಕೆಂಪು ಲಕೋಟೆ

ಹೆಂಗ್‌ದಿಯಾನಿನ ಹಲಗೆ ಅರಮನೆಯ ಅಂಗಳದಲ್ಲಿ
ಬೆಳಗಿನ ಐದಕ್ಕೇ ಸತ್ತು ಮಲಗಿದ್ದೆವು
ನಲವತ್ತು ಜನ.
ಕೊರಳಲ್ಲಿ ಹೆಪ್ಪುಗಟ್ಟಿದ ಸಕ್ಕರೆಪಾಕದ ರಕ್ತ
ಡಿಸೆಂಬರಿನ ಇರುವೆಗೂ ಬೇಡವಾಗಿತ್ತು.

ನನ್ನ ಎಡಕ್ಕೆ ಒಬ್ಬ ಮುದುಕಿ.
ತುಟಿ ಅಲುಗಿಸದೆ ಅಂದಳು:
"ಹೊಟ್ಟೆಯಲ್ಲಿ ಉಸಿರಾಡಬೇಡ ಹುಡುಗಿ, ಕ್ಯಾಮೆರಾಕ್ಕೆ ಕಾಣುತ್ತೆ.
ಬೆನ್ನಲ್ಲಿ ಆಡು. ಬೆನ್ನನ್ನು ನೆಲ ಬಚ್ಚಿಡುತ್ತೆ."

ಗಾನ್ಸುವಿನಿಂದ ಎರಡು ಹಗಲು ರೈಲಲ್ಲಿ ಬಂದವಳು ನಾನು,
ಮುಖ ತೋರಿಸಲು.
ಏಳು ತಿಂಗಳಲ್ಲಿ ತೋರಿಸಿದ್ದು
ಬೆನ್ನು, ಒಂದು ಕೈ, ಮತ್ತೆ ಬೆನ್ನು.

ಅವರು ಲೈಟು ಸರಿಮಾಡಿ ಮತ್ತೆ ಕೆಡಿಸುವಷ್ಟರಲ್ಲಿ
ಅವಳ ಕತೆ ತುಂಡುತುಂಡಾಗಿ ಬಂತು.

ಹೆಸರು ಯಿನ್‌ದಿ. ಅಂದರೆ, ತಮ್ಮನನ್ನು ಕರೆದು ತಾ.
ಮೂರನೆಯದೂ ಹೆಣ್ಣಾದಾಗ ಅಪ್ಪ ಬರೆದ ಅರ್ಜಿ ಅದು.
ತಮ್ಮ ಬಂದ. ಅವನ ಗಂಜಿಗೆ ಅಕ್ಕಿ ಸಾಲದೆ
ಹತ್ತನೆಯ ವರ್ಷಕ್ಕೆ ಇವಳು ಹಾಡುನಾಟಕದ ಮೇಳಕ್ಕೆ:
ಮೂರು ವರ್ಷ ಕಲಿಕೆ, ಒಂದು ವರ್ಷ ಬಿಟ್ಟಿ ದುಡಿತ,
ಓಡಿಹೋದರೆ, ಬಾವಿಗೆ ಬಿದ್ದರೆ ಮೇಳದ ಹೊಣೆಯಲ್ಲ
ಎಂಬ ಕಾಗದಕ್ಕೆ ಅಪ್ಪನ ಹೆಬ್ಬೆಟ್ಟು.

ಎಲ್ಲರೂ ಹೆಣ್ಣುಗಳೇ ಇದ್ದ ಮೇಳ. ಯಾರಾದರೂ ಗಂಡಾಗಬೇಕಲ್ಲ.
ಉದ್ದಕ್ಕಿದ್ದಳು, ಇವಳಾದಳು.
"ತಮ್ಮನನ್ನು ಕರೆ ಅಂದಿದ್ದರು,
ನಾನೇ ಬಂದೆ."
ಸತ್ತವಳು ನಕ್ಕಿದ್ದಕ್ಕೆ
ಮೆಗಾಫೋನು ಬೈಯಿತು.

ಹುಬ್ಬು ಹಾರುವ ಹಾಗೆ ಹಣೆಗೆ ಬಿಗಿದ ಪಟ್ಟಿ,
ಮೂರು ಬೆರಳು ದಪ್ಪ ಅಟ್ಟೆಯ ಬೂಟು,
ನೀರಿನಂತೆ ಹರಿಯುವ ಬಿಳಿ ತೋಳು.
ಪರೀಕ್ಷೆಗೆ ಹೊರಟ ಬಡ ಪಂಡಿತನಾಗಿ,
ಪ್ರೇಮಕ್ಕೆ ಕೆಮ್ಮಿ ಕೆಮ್ಮಿ ಸೊರಗುವ ಸಾಹುಕಾರನ ಮಗನಾಗಿ
ನಿಂಗ್‌ಬೋದಲ್ಲಿ, ಶಾಂಘೈಯಲ್ಲಿ, ಕಾಲುವೆಯ ಮೇಲೆ ಕಟ್ಟಿದ ಅಟ್ಟಣೆಯಲ್ಲಿ
ಹದಿನಾಲ್ಕು ವರ್ಷ ಸತ್ತಳು.
ಪ್ರತಿ ಸಲವೂ ತಲೆಯನ್ನು ತೊಡೆಗಿಟ್ಟುಕೊಂಡು ಅತ್ತವಳು
ಬಾವೊಚಿನ್, ರಂಗದ ಹೆಂಡತಿ.
ವರ್ತಕರ ಹೆಂಡಿರು ಪರದೆಯ ಹಿಂದೆ ಬಂದು
ಉಂಗುರ ಕಳಚಿ ಕೊಡುತ್ತಿದ್ದರಂತೆ,
ಇಂಥ ಗಂಡ ನಮಗೆ ಸಿಗಲಿಲ್ಲವಲ್ಲ ಅಂತ.
ಉಂಗುರ ಮೇಳದ ಯಜಮಾನನಿಗೆ,
ಮಾತು ಇವಳಿಗೆ.

ಆಮೇಲೊಂದು ಬೇಸಿಗೆ ಪಂಡಿತರೂ ರಾಜಕುಮಾರರೂ ತಪ್ಪಾದರು.
ಬೂಟು ಸುಟ್ಟರು. ಅಟ್ಟೆ ದಪ್ಪ, ಬಹಳ ಹೊತ್ತು ಉರಿಯಿತು.
ಹಾಂಗ್‌ಝೌವಿನ ಕಾಲುಚೀಲದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ.
ಯಂತ್ರಗಳ ಗದ್ದಲದೊಳಗೆ ಕೂತು
ಗಟ್ಟಿಯಾಗಿಯೇ ಹಾಡಿಕೊಳ್ಳುತ್ತಿದ್ದಳು.
ತುಟಿ ಓದಬಲ್ಲವಳು ಎದುರು ಸಾಲಿನಲ್ಲಿದ್ದಳು.

"ಬಾವೊಚಿನ್?" ಅಂದೆ.
"ಸುಮ್ಮನಿರು. ಟೇಕು."

ನೆತ್ತಿಯ ಪಕ್ಕದಲ್ಲೇ ಕುದುರೆಗಳು ಹಾದವು.
ಸಾಮ್ರಾಜ್ಯ ಬಿತ್ತು.
ಫೋಕಸ್ಸು ತಪ್ಪಿತ್ತು, ಇನ್ನೊಮ್ಮೆ ಬಿತ್ತು.

ಮೇಳ ಮತ್ತೆ ಶುರುವಾದಾಗ ಇವಳಿಗೆ ನಲವತ್ತು ದಾಟಿತ್ತು,
ಪಂಡಿತನಿಗೆ ಇನ್ನೂ ಇಪ್ಪತ್ತೇ.
ಹುಡುಗಿಯರಿಗೆ ನಡಿಗೆ ಕಲಿಸಿದಳು.
ಹುಡುಗಿಯರು ಟೀವಿಗೆ ಹೋದರು.
ಟೀವಿಯವರಿಗೆ ಅಜ್ಜಿಯರು ಬೇಕಾದರು, ಅದರಲ್ಲೂ
ಅಲುಗಾಡದ ಅಜ್ಜಿಯರು.

ಸಂಜೆ ಏಜೆಂಟು ಕೂಲಿಯ ಜೊತೆ ಹಂಚಿದ,
ತಲಾ ಒಂದು ಕೆಂಪು ಲಕೋಟೆ. ಒಳಗೆ ಹತ್ತು ಯುವಾನ್.
ಸತ್ತ ಪಾತ್ರದ ದೋಷ ಮನೆವರೆಗೆ ಬಾರದಿರಲಿ ಅಂತ
ಇಲ್ಲಿಯ ಶಾಸ್ತ್ರ.
"ಕತ್ತಲಾಗುವುದರೊಳಗೆ ಖರ್ಚಾಗಬೇಕು, ಅದೂ ಸಿಹಿಗೆ.
ಬಾವೊಚಿನ್ ಮಾಡಿದ ಕಾನೂನು.
ಇಬ್ಬರೂ ಇಲ್ಲೇ ಮಲಗುತ್ತಿದ್ದೆವು, ಅಕ್ಕಪಕ್ಕ.
ಹೋದ ಚಳಿಗಾಲ ಹೋದಳು. ಒಂದೇ ಟೇಕು."

ಎಂಥದೋ ಒಂದು ಮಾತು ಹುಡುಕಿದೆ, ಸಿಗಲಿಲ್ಲ.
"ಅಳಲಾಗಲಿಲ್ಲ ನನಗೆ" ಅಂದಳು.
"ಅಳುವುದು ಅವಳ ಪಾತ್ರ. ನನಗೆ ಕಲಿಸಿರಲಿಲ್ಲ."

ಸುಟ್ಟ ಗೆಣಸು ಕೊಂಡೆವು, ಎರಡು.
ಬೀದಿಯಲ್ಲಿ ಕರಗಿದ ಮಂಜಿನ ರಾಡಿ,
ರಾಜರಥಗಳನ್ನು ಹೇರಿಕೊಂಡ ಲಾರಿಗಳ ಸಾಲು.
ಅವಳು ನನ್ನ ಮೊಣಕೈ ಹಿಡಿದು
ಗೋಡೆಯ ಕಡೆಗೆ ಸರಿಸಿ
ತಾನು ರಾಡಿಯ ಕಡೆ ಬಂದಳು.
ಇಲ್ಲದ ಬೂಟಿನ ದಪ್ಪ ಅಟ್ಟೆ ನೆನಪಿಟ್ಟು
ಹಿಮ್ಮಡಿ ಮೊದಲು, ಆಮೇಲೆ ಬೆರಳು,
ಎದೆ ಎತ್ತಿ,
ನಿಧಾನ.