ಕೊಡುವ ಸೇರು

ಹತ್ತು ಗಂಟೆಗೆ ಬಾಗಿಲು. ನನಗೆ ಎಂಟಕ್ಕೇ.
ಕೋಟೆಯ ದಿಡ್ಡಿಯಲ್ಲಿ ಚಪ್ಪಲಿಯ ಮಣ್ಣು ಒದರಿ
ಮೊದಲು ಗಾರೆಯ ಆನೆಗಳಿಗೆ ಒಂದು ಮಾತು:
ಏನ್ರಪ್ಪಾ, ರಾತ್ರಿ ಯಾರಾದರೂ ಬಂದಿದ್ದರಾ?
ಅವುಗಳ ಕಾಲಡಿ ಕಡಲೆಕಾಯಿ ಸಿಪ್ಪೆ, ಜೋಳದ ದಿಂಡು,
ಯಾವುದೋ ಮಗುವಿನ ಎಡಗಾಲ ಸಾಕ್ಸು.

ಗೈಡು ಉಮ್ಮರ್ ಹೇಳುವ ಕಥೆಯಲ್ಲಿ
ರಾಜ ಸಿಟ್ಟಿಗೆ ಆನೆಗಳನ್ನು ಕೊಂದು, ಮರುಗಿ, ಇವನ್ನು ಮಾಡಿಸಿದ.
ಶನಿವಾರ ಜನ ಹೆಚ್ಚಿದ್ದರೆ ರಾಜ ಅಳುತ್ತಾನೆ ಕೂಡ.
ಗಾರೆ ಕಲಸಿದವರು ಯಾವ ವಾರವೂ ಬರುವುದಿಲ್ಲ.

ಒಳಗೆ, ಒಂದು ಕಾಲದ ಇಗರ್ಜಿ.
ಬಣ್ಣದ ಗಾಜು ದಾಟಿ ಬಂದ ಬಿಸಿಲು
ತಲೆಯಿಲ್ಲದ ಜಿನನ ಭುಜದ ಮೇಲೆ ಕೆಂಪಗೆ ಕೂರುತ್ತದೆ.
ಕಲ್ಲಿನ ಧೂಳು ಬೇರೆ, ಕಬ್ಬಿಣದ ಧೂಳು ಬೇರೆ;
ಕೋವಿಯದ್ದು ಬಟ್ಟೆ ಬಿಡುವುದಿಲ್ಲ, ಬೈದ ಮಾತಿನ ಹಾಗೆ.
ವೀರಗಲ್ಲಿನ ಮೇಲಂಕಣ ಬೇಗ ಮುಗಿಯುತ್ತದೆ,
ಸ್ವರ್ಗದಲ್ಲಿ ಅಷ್ಟೇನೂ ಮೂಲೆಗಳಿಲ್ಲ.
ಕೆಳಗಿನದೇ ಕಷ್ಟ.
ಕುದುರೆಯ ಕಾಲ ಸಂದಿಯಲ್ಲಿ ಅಂಗಾತ ಬಿದ್ದವನೊಬ್ಬ,
ಹೆಬ್ಬೆರಳಷ್ಟು; ಅವನ ಕಂಕುಳಲ್ಲಿ ದಿನಾ ಜೇಡನ ಬಲೆ.
ಹಲ್ಲುಜ್ಜುವ ಹಳೆಯ ಬ್ರಷ್ಷೊಂದು ಅವನಿಗೆಂದೇ ಇಟ್ಟಿದ್ದೇನೆ.

ಸೋಮವಾರ ರಜೆ. ಒಮ್ಮೆ ನಾನೂ ಪ್ರವಾಸಿಯಾದೆ.
ಮಗಳನ್ನು ಕರೆದುಕೊಂಡು ಗದ್ದಿಗೆಗೆ ಹೋದೆ.
ಗುಮ್ಮಟ ನೋಡೇ ಎಂದರೆ ಅವಳು ಹುಲ್ಲಿನಲ್ಲಿ ಉರುಳಿದಳು.
ನನ್ನ ಕಣ್ಣು ಹೋದದ್ದು ಮೂಲೆಗೆ:
ಇಲ್ಲಿ ಯಾರೋ ಹಿತ್ತಾಳೆಗೆ ಒದ್ದೆ ಬಟ್ಟೆ ಹಾಕುತ್ತಾರೆ,
ತಪ್ಪು, ಕಲೆ ಉಳಿಯುತ್ತದೆ.

ಏಳನೆಯ ಪೆಟ್ಟಿಗೆಯಲ್ಲಿ ಅದಿದೆ.
ಅಳತೆಯ ಪಾತ್ರೆ. ಕಂಚು. ಚೀಟಿಯಲ್ಲಿ ಅಷ್ಟೇ.
ಶಾಲೆ ಮಕ್ಕಳು ಅದರೆದುರು ನಿಲ್ಲುವುದಿಲ್ಲ,
ಕತ್ತಿ ಇದ್ದ ಕಡೆಗೆ ಓಟ.

ನಮ್ಮಜ್ಜಿ ಮಾಚಿಗೆ ಓದು ಬರುತ್ತಿರಲಿಲ್ಲ, ಸೇರು ಗೊತ್ತಿತ್ತು.
ಕಣದಲ್ಲಿ ಎರಡಿದ್ದವು ಕೂಸೇ, ಅನ್ನುತ್ತಿದ್ದಳು
ಲೈನ್‌ಮನೆಯ ಜಗಲಿಯಲ್ಲಿ ಕಾಲು ಚಾಚಿ,
ತೆಗೆದುಕೊಳ್ಳುವುದೊಂದು, ಕೊಡುವುದೊಂದು.
ಹೊರಗಿನಿಂದ ಅವಳಿ ಜವಳಿ.
ತೆಗೆದುಕೊಳ್ಳುವುದು ಮಣಿಕಟ್ಟಿನ ತನಕ ನುಂಗುತ್ತದೆ,
ಕೊಡುವುದರಲ್ಲಿ ಬೆರಳಿನ ಎರಡನೆಯ ಗೆಣ್ಣಿಗೇ ತಳ.
ಮೇಷ್ಟ್ರು ಸೇರಿಗೆ ಸವ್ವಾಸೇರು ಎಂಬ ಗಾದೆ ಕಲಿಸಿದ ದಿನ
ಓಡಿ ಬಂದು ಹೇಳಿದೆ. ನಕ್ಕು ನಕ್ಕು ಕೆಮ್ಮು ಹತ್ತಿತು ಅವಳಿಗೆ:
ನಮ್ಮ ಸೇರಿಗೆ ಮುಕ್ಕಾಲೇ ಸೇರು ಮಗಾ.

ಗಾಜು ತೆಗೆದು ಒರೆಸುವುದು ವರ್ಷಕ್ಕೊಮ್ಮೆ, ಹುತ್ತರಿ ಕಳೆದ ಮೇಲೆ.
ಸೋಮಶೇಖರಯ್ಯ ಸಾಹೇಬರು ಎದುರಿಗೇ ಇರಬೇಕು.
ಫೋನು ಬಂತು. ಅವರು ಕಿಟಕಿಯ ಕಡೆ ಹೋದರು.
ನಾನು ಕೈ ಇಳಿಸಿದೆ.
ಎರಡನೆಯ ಗೆಣ್ಣು.
ತಳ.

ಸಾರ್, ಇದು ಕೊಡುವ ಸೇರು. ಜೊತೆಯದ್ದೆಲ್ಲಿ?
ಯಾವ ಜೊತೆ?
ತೆಗೆದುಕೊಳ್ಳುವುದು ಸಾರ್. ಆಳದ್ದು.
ದಾಖಲೆ ಏನಿದೆಯಮ್ಮಾ?
ಕೈ ತೋರಿಸಿದೆ.
ನೋಡಿದರು. ಸುಳ್ಳು ಹೇಳಬಾರದು, ಬಹಳ ಹೊತ್ತು ನೋಡಿದರು.
ಆಮೇಲೆ, ಕೈಗವಸು ಯಾಕೆ ಹಾಕಿಲ್ಲ ಎಂದರು.

ಚೀಟಿ ಈಗಲೂ ಹಾಗೇ ಇದೆ.
ಹೊರಗೆಲ್ಲ ಒರೆಸಿಟ್ಟೆ. ಒಳಗೆ ಒರೆಸಲಿಲ್ಲ.
ಬೆವರು ತಾಗಿದ ಕಂಚು ನಿಧಾನ ಹಸಿರಾಗುತ್ತದಂತೆ,
ನೋಡೋಣ,
ಇನ್ನೆರಡು ಹುತ್ತರಿ ಕಳೆಯಲಿ.

ಐದೂವರೆಗೆ ಬೀಗ.
ಪ್ರೈವೇಟ್ ಬಸ್ಸಿನ ಕಂಡಕ್ಟರ್, ಹೊಸ ಹುಡುಗ,
ಎರಡು ರೂಪಾಯಿ ಚಿಲ್ಲರೆ ಆಮೇಲೆ ಅಕ್ಕಾ, ಅಂದ.
ಈಗಲೇ ಕೊಡು, ಅಂದೆ.