ಎಡಗಿವಿ

ಬಂದರಿನ ಗೋಡಂಬಿ ಆಫೀಸಿಗೆ ಅದು ಬಂದದ್ದು
ದುಬೈ ಕಂಬಳಿ ಸುತ್ತಿಕೊಂಡು, ಯಾರದೋ ಲಗೇಜಿನಲ್ಲಿ.
ಅರ್ಧ ಫೋನು, ಅರ್ಧ ಕಂಪ್ಯೂಟರು:
ಎಡಕ್ಕೆ ರಿಸೀವರು, ನಡುವೆ ಅಂಗೈಯಗಲ ಹಸಿರು ಪರದೆ,
ಅಡಿಯಿಂದ ಡ್ರಾವರಿನಂತೆ ಎಳೆದರೆ
ಅಕ್ಷರದ ಮಣೆ.
ಇದಿನಬ್ಬ ಸಾಹುಕಾರರು ಮೂರು ದಿನ ಮುಟ್ಟಲಿಲ್ಲ.
ನಾಲ್ಕನೆಯ ದಿನ, "ಸೆವ್ರಿನ್ ಬಾಯಿ,
ನಿಮ್ಮ ತಲೆಯಲ್ಲಿ ಉಂಟಲ್ಲ, ಅದನ್ನೆಲ್ಲ
ಇದು ಇಟ್ಟುಕೊಳ್ತದಂತೆ."

ಇಪ್ಪತ್ತೆರಡು ವರ್ಷ ಬಲಗಿವಿಗೆ ಫೋನು ಒತ್ತಿದವರು ಬಾಯಿ.
ಒಂಬತ್ತಕ್ಕೆ ಬಲದ ಓಲೆ ಬಿಚ್ಚಿ ಗುಂಡುಪಿನ್ನಿನ ಡಬ್ಬಿಗೆ,
ಐದೂವರೆಗೆ ಮತ್ತೆ ಕಿವಿಗೆ.
ಕೊಲ್ಲಂ, ತೂತುಕುಡಿ, ಪನ್ರೂಟಿ, ಕೊಚ್ಚಿ,
ನಂಬರುಗಳೆಲ್ಲ ತೇರ್ಸದ ಮಣಿಗಳ ಹಾಗೆ:
ಕೇಳಿದರೆ ಹೇಳಲಾರರು,
ಬೆರಳಿಟ್ಟರೆ ತಾವಾಗಿ ಬರುವವು.

ಒಂದೊಂದಾಗಿ ಒತ್ತಿ ಒಳಗೆ ತುಂಬಿದರು.
ಬೀಜದ ಮಾದರಿ ತೂಗುವ ಹುಡುಗ ನಾನು,
ತಕ್ಕಡಿ ಬಿಟ್ಟು ನೋಡುತ್ತ ನಿಂತೆ.
ಟ್ರಂಕು ಕಾಲಿಗೆ ಮಾತ್ರ ಎಕ್ಸ್‌ಚೇಂಜಿನ ಲೋಲಾಕ್ಷಿಯೇ ಗತಿ.
ಯಂತ್ರ ಕುಂಯ್ ಕುಂಯ್ ಎಂದು ತಾನೇ ಡಯಲು ಮಾಡಿದರೆ
ಆಚೆಯಿಂದ ಅವಳು:
"ಬಾಯೀ, ಆಫೀಸಿನಲ್ಲಿ ನಾಯಿಮರಿ ಸಾಕಿದ್ದೀರಾ?"

ತೊಂಬತ್ತೊಂಬತ್ತು ಆಯಿತು. ಒಂದು ಜಾಗ ಉಳಿಯಿತು.
"ನಿಮ್ಮ ಮನೆಯದ್ದು ಹಾಕಿ" ಎಂದುಬಿಟ್ಟೆ.
ಕುಲಶೇಖರದ ಆ ಮನೆಯಿಂದ ಅರ್ಜಿ ಹೋಗಿ
ಒಂಬತ್ತು ವರ್ಷವೆಂದು ನನಗೇನು ಗೊತ್ತು?
ಬಾಯಿ ತನ್ನ ಹೆಸರು ಬರೆದರು,
ಎದುರಿಗೆ ಇದೇ ಆಫೀಸಿನ ನಂಬರು. ಒತ್ತಿದರು.
ಎಂಗೇಜು.
"ನೋಡು ಮಾರಾಯ" ಎಂದು ನಕ್ಕರು,
"ನನಗೆ ನಾನೇ ಸಿಗುವುದಿಲ್ಲ."

ವಯರು ಗಿಡ್ಡ, ರಿಸೀವರು ಎಡಕ್ಕೆ.
ಮೊದಮೊದಲು ಏನು? ಏನು? ಎನ್ನುತ್ತಿದ್ದರು.
ಆಮೇಲೊಂದು ದಿನ ಮೆಲ್ಲನೆ, ಗುಟ್ಟು ಹೇಳುವವರಂತೆ:
"ಈ ಕಿವಿಯಲ್ಲಿ ಎಲ್ಲರೂ
ಸ್ವಲ್ಪ ಚಿಕ್ಕ ಪ್ರಾಯದವರಾಗಿ ಕೇಳ್ತಾರೆ.
ಕೊಲ್ಲಂನ ಆ ಸಿಡುಕು ಪಿಳ್ಳೆ ಕೂಡ."

ಎರಡನೆಯ ವರ್ಷ ಉಪ್ಪುಗಾಳಿ ಒಳಹೊಕ್ಕಿತು.
ಏಳು ಒತ್ತಿದರೆ ಏಳು ಏಳು ಏಳು,
ಪರದೆಯ ತುಂಬ ಏಳು,
ಕೊನೆಗೆ ಹಸಿರೂ ಇಲ್ಲ.
ನೂರು ನಂಬರು ಎಲ್ಲಿ ಹೋದವೋ.
ರಿಪೇರಿಯವನು ಡೆಪ್ಪಿ ಅಲ್ಲಾಡಿಸಿ ನೋಡಿದ,
ಚಿಲ್ಲರೆ ಉಂಟೋ ಎಂಬಂತೆ.

ಹಳೆಯ ಕಪ್ಪು ಫೋನು ಮೇಜಿನ ಬಲಕ್ಕೆ ಮರಳಿತು.
ಬಾಯಿ ವಯರನ್ನು ಎದೆಗೆ ಅಡ್ಡ ಎಳೆದುಕೊಂಡು
ಎಡಗಿವಿಗೇ ಹಿಡಿದರು.
ಗುಂಡುಪಿನ್ನಿಗೆಂದು ಡಬ್ಬಿ ತೆರೆದೆ:
ಎಡದ ಓಲೆ.