ಅಳಿಸುವ ಕೂಲಿ

ಕೆತ್ತುವುದು ಸುಲಭ ಸ್ವಾಮಿ, ಅಳಿಸುವುದೇ ಕಷ್ಟ.
ಒಂದು ಹೆಸರು ಹೋಗಬೇಕಾದರೆ
ಇಡೀ ಕಲ್ಲಿನ ಮೈ ತೇಯಬೇಕು.

ಆಲೂರಿನಾಚೆ ಹಳ್ಳಕ್ಕೊಂದು ಸೇತುವೆ:
ಮೂರು ಸಲ ಶಂಕುಸ್ಥಾಪನೆ, ಒಂದೇ ಕಲ್ಲು.
ಸರ್ಕಾರ ಬಿದ್ದಾಗಲೆಲ್ಲ ಟ್ರ್ಯಾಕ್ಟರಿನಲ್ಲಿ
ಹಾಸನಕ್ಕೆ, ನನ್ನ ಶೆಡ್ಡಿಗೆ ಬರುತ್ತದೆ
ಕೆಸರು ಮೆತ್ತಿಕೊಂಡು.
ಮೂರಿಂಚು ದಪ್ಪ ಇದ್ದದ್ದು ಈಗ ಎರಡೂ ಇಲ್ಲ.
ಮೊದಲ ಸಲದ ಬಿಲ್ಲು ಇನ್ನೂ ಪಾಸಾಗಿಲ್ಲ.

ಸಚಿವರಿಗೆ ಎರಡಿಂಚಿನ ಅಕ್ಷರ,
ಅಧ್ಯಕ್ಷತೆಗೆ ಒಂದೂವರೆ,
‘ಘನ ಉಪಸ್ಥಿತಿ’ಗೆ ಒಂದು.
ಪಟ್ಟಿ ಆಫೀಸಿನಿಂದಲೇ ಬರುತ್ತದೆ;
ಒಂದು ಕೊಂಬು ತಪ್ಪಿದರೂ ಫೋನು.

ಬೆಳಿಗ್ಗೆ ಜವರಮ್ಮ ಬಂದಳು, ಹಳ್ಳದ ಆಚೆ ದಡದವಳು.
‘ಅಕ್ಷರಕ್ಕೆಷ್ಟಪ್ಪ?’
ಆಷಾಢದ ನೀರಲ್ಲಿ ಹೋದ ಗಂಡನ ಹೆಸರು
ಚಿಕ್ಕಸ್ವಾಮಿ. ನಾಲ್ಕಕ್ಷರ, ಎರಡು ಒತ್ತು.
‘ಅವರೆಲ್ಲರ ಕೆಳಗೆ, ಒಂದು ಮೂಲೇಲಿ ಸಾಕು.’

ಯಾವ ತಲೆಬರಹದಡಿ ಹಾಕಲಿ?
ಪಟ್ಟಿಯನ್ನು ಮತ್ತೆ ಮತ್ತೆ ಓದಿದೆ.
ಬಂದುಹೋಗುವವರಿಗೆಲ್ಲ ಜಾಗವಿದೆ ಅದರಲ್ಲಿ,
ದಾಟಲು ಹೋದವನಿಗಿಲ್ಲ.

ದುಡ್ಡು ಬೇಡ ಅಂದೆ. ಆದರೂ ಎದ್ದಿಲ್ಲ,
ಕಲ್ಲಿನ ಪುಡಿಯಲ್ಲೇ ಕೂತಿದ್ದಾಳೆ.
ಮುಂದಿನ ಸಲ ತೇದರೂ ಹೋಗದ ಹಾಗೆ
ಆಳಕ್ಕೆ ಕೊರೆಯೋಣವೆಂದರೆ
ಕಲ್ಲು ತೆಳುವಾಗಿದೆ.